ನಾಲ್ಕನೇ ವರ್ಷದ ಮದ್ದು

ಅಜ್ಜ ಎಡಗೈಯ ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳು ಮಡಚುತ್ತಾ ಲೆಕ್ಕ ಕೊಟ್ಟಿದ್ದರು.

"ಒಂದನೇ ವರ್ಷ ಗೊತ್ತಿರ್ಲಿಲ್ಲ. ಎರಡನೇ ವರ್ಷವೂ ಗೊತ್ತಿರ್ಲಿಲ್ಲ. ಮೂರನೇ ವರ್ಷ ಸಣ್ಣ ಸಂಶಯ ಬಂದಿತ್ತು, ಆದ್ರೆ ಗೊತ್ತಿತ್ತು ಅಂತ ಹೇಳ್ಲಿಕ್ಕೆ ಆಗುದಿಲ್ಲ. ನಾಲ್ಕನೇ ವರ್ಷ ಗೊತ್ತಿತ್ತು."

ಹೆಬ್ಬೆರಳೊಂದು ಮಡಚದೆ ಉಳಿದಿತ್ತು. ಐದನೇ ವರ್ಷ ಅವರು ಮದ್ದು ಬಿಡಲಿಲ್ಲ.

ಅದು 2011ರ ಮೇ ತಿಂಗಳು. ಎಂಡೋಸಲ್ಫಾನಿನ ತಯಾರಿ, ಮಾರಾಟ, ಬಳಕೆ ಎಲ್ಲಕ್ಕೂ ಸುಪ್ರೀಂ ಕೋರ್ಟು ಮೇ 13ರಂದು ತಡೆ ಕೊಟ್ಟಿತ್ತು. ಕನ್ಯಾನದ ನಮ್ಮ ಮನೆಯ ಟಿವಿಯಲ್ಲಿ ಆ ಸುದ್ದಿ ಬರುತ್ತಿದ್ದಾಗ ನಾನು ಸುಮ್ಮನೆ, "ಅಜ್ಜ, ನಮ್ಮ ಗೇರು ಗುಡ್ಡೆಗೂ ಇದನ್ನೇ ಬಿಡ್ತಿದ್ರಾ?" ಎಂದು ಕೇಳಿದ್ದೆ. ಹೌದು ಅಥವಾ ಇಲ್ಲ ಎಂಬ ಉತ್ತರ ಸಾಕಿತ್ತು ನನಗೆ. ಅವರು ಬೆರಳು ಮಡಚಿದರು.

ಆಮೇಲೆ ವಿವರ ಹೇಳಿದರು. ಗೇರಿಗೆ ಟೀ ಸೊಳ್ಳೆಯ ಕಾಟ ಜೋರಿದ್ದ ಕಾಲ. ಚಿಗುರು, ಹೂ ಎಲ್ಲ ಕರಟಿ ಹೋಗುತ್ತಿತ್ತು. ಅಂಗಡಿಯವರು ಕೊಟ್ಟರು, ತಿಳಿದವರು ಇದೇ ಒಳ್ಳೆಯದು ಎಂದರು, ಬಿಟ್ಟರು, ಬೀಜ ಚೆನ್ನಾಗಿ ಬಂತು. ಮೂರನೇ ವರ್ಷ ಕೊಟ್ಟಿಗೆಯ ಹಿಂದಿದ್ದ ಜೇನು ಪೆಟ್ಟಿಗೆ ಮೌನವಾಯಿತು. ನಾಲ್ಕನೇ ವರ್ಷ ಮದ್ದು ಬಿಟ್ಟ ಮರುದಿನ ಪಳ್ಳದಲ್ಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಅಷ್ಟರಲ್ಲಿ ಗಡಿಯಾಚೆಯ ನೆಂಟರೊಬ್ಬರು ಪಡ್ರೆಯ ಕಡೆಯ ಮಕ್ಕಳ ಸುದ್ದಿ ಹೇಳಿ ಹೋಗಿದ್ದರು. ಆದರೆ ಕ್ಯಾನಿನಲ್ಲಿ ಇನ್ನೂ ಅರ್ಧ ಬಾಕಿ ಇತ್ತು. ದುಡ್ಡು ಕೊಟ್ಟು ತಂದದ್ದು. "ಇದೊಂದು ಮುಗಿಸಿ ಬಿಡುವಾ" ಎಂದುಕೊಂಡು ಎರಡನೇ ಸುತ್ತನ್ನೂ ಬಿಟ್ಟರು.

"ಅವತ್ತು ನಮ್ಮ ಬಾವಿಗೆ ಮಡಲು ಮುಚ್ಚಿದೆ" ಎಂದರು ಅಜ್ಜ. "ಕೆಳಗಿನ ಮನೆಯವರ ಬಾವಿ ಉಂಟಲ್ಲ, ಅವರಿಗೆ ಹೇಳ್ಲಿಲ್ಲ. ಹೇಳಿದ್ರೆ ಯಾಕೆ ಮುಚ್ಬೇಕು ಅಂತ ಕೇಳ್ತಾರಲ್ವಾ?"

ಈ ಒಂದು ಮಾತಿನ ಬಗ್ಗೆ ಬರೆಯಬೇಕೆಂದು ತುಂಬಾ ದಿನದಿಂದ ಅಂದುಕೊಂಡಿದ್ದೆ.

*

ನಮ್ಮ ಕಡೆ ಕೀಟನಾಶಕಕ್ಕೆ ಇರುವ ಹೆಸರೇ ಮದ್ದು. ಜ್ವರಕ್ಕೆ ಕುಡಿಯುವುದೂ ಮದ್ದು, ಗೇರಿಗೆ ಬಿಡುವುದೂ ಮದ್ದು. ಯಾರೂ ಬೆಳಗ್ಗೆ ಎದ್ದು "ಇವತ್ತು ಗುಡ್ಡೆಗೆ ವಿಷ ಹಾಕುತ್ತೇನೆ" ಎಂದು ಪಂಪು ಹೊರುವುದಿಲ್ಲ. ಮದ್ದು ಬಿಡಲು ಹೊರಡುತ್ತಾರೆ. ಮರ ಉಳಿಯಬೇಕು, ಮನೆ ನಡೆಯಬೇಕು, ಮಕ್ಕಳ ಫೀಸು ಕಟ್ಟಬೇಕು. ಎಲ್ಲವೂ ಒಳ್ಳೆಯದೇ.

ಗಡಿಯಾಚೆ ಕಾಸರಗೋಡಿನಲ್ಲಿ ಇದೇ ಮದ್ದನ್ನು ಹೆಲಿಕಾಪ್ಟರ್ ಬಿಡುತ್ತಿತ್ತು. ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳು ಅಲ್ಲಿ 4,600 ಹೆಕ್ಟೇರಿಗೂ ಹೆಚ್ಚು. 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಸಲ ಆಕಾಶದಿಂದ ಸಿಂಪಡಣೆ. ಎಣ್ಮಕಜೆಯ ಪಡ್ರೆ, ಸ್ವರ್ಗದ ಕಡೆ ನೀರು ಎಂದರೆ ಗುಡ್ಡೆ ಕೊರೆದು ತೆಗೆದ ಸುರಂಗದ ನೀರು. ಅದು ತೆರೆದ ತೋಡಿನಲ್ಲಿ, ಅಡಿಕೆ ದಂಬೆಯಲ್ಲಿ ಹರಿದು ಮನೆಯಂಗಳಕ್ಕೆ ಬರುತ್ತದೆ. ಆ ನೀರಿಗೆ ಮಡಲು ಎಲ್ಲಿಂದ ಎಲ್ಲಿವರೆಗೆ ಮುಚ್ಚುವುದು? ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆ ಕಡೆಯ ಸರ್ಕಾರಿ ಗೇರು ತೋಟಗಳ ಕತೆಯೂ ಇದಕ್ಕಿಂತ ಬೇರೆ ಅಲ್ಲ.

ಪಡ್ರೆಯಲ್ಲಿ ಕಾಲು ತಿರುಚಿಕೊಂಡ ಕರುಗಳು ಹುಟ್ಟಿದ್ದು 1979ರ ಹೊತ್ತಿಗೆ. ಅದನ್ನೂ ಹೆಲಿಕಾಪ್ಟರನ್ನೂ ಜೋಡಿಸಿ ನೋಡಿ ಬರೆದವರು ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀಪಡ್ರೆ. ಮುಂದೆ ಅಡಿಕೆ ಪತ್ರಿಕೆಯ ಮೂಲಕ ನಮ್ಮಂಥವರಿಗೆಲ್ಲ ಗ್ರಾಮೀಣ ಪತ್ರಿಕೋದ್ಯಮ ಎಂದರೆ ಏನೆಂದು ತೋರಿಸಿಕೊಟ್ಟವರು ಅವರೇ. ಅಂದರೆ 1980ರ ದಶಕದ ಆರಂಭದಲ್ಲೇ ಎಚ್ಚರಿಕೆ ಅಚ್ಚಾಗಿತ್ತು. ಹೆಲಿಕಾಪ್ಟರ್ ನಿಂತದ್ದು ಸುಮಾರು ಎರಡು ದಶಕದ ನಂತರ.

ಅಜ್ಜನ ಬೆರಳಿನ ಲೆಕ್ಕವನ್ನು ಇಲ್ಲಿಗೂ ಹಾಕಬಹುದು. ಯಾವ ವರ್ಷದವರೆಗೆ ಗೊತ್ತಿರಲಿಲ್ಲ? ಯಾವ ವರ್ಷದಿಂದ ಗೊತ್ತಿತ್ತು?

*

ಮುಂದೆ ನಾನು ಪತ್ರಿಕೋದ್ಯಮ ಓದಲು ಹೋದೆ. ಮಾಧ್ಯಮ ನೀತಿಯ ತರಗತಿಯಲ್ಲಿ ಮಾಸ್ಟ್ರು ಒಂದು ವಾರ ಪೂರ್ತಿ ನಿಸರ್ಗ ನಿಯಮದ ನೀತಿಶಾಸ್ತ್ರ ಪಾಠ ಮಾಡಿದರು. ಹದಿಮೂರನೇ ಶತಮಾನದ ಇಟಲಿಯ ಥಾಮಸ್ ಅಕ್ವಿನಾಸ್ ಅದರ ದೊಡ್ಡ ಹೆಸರು. ಒಳ್ಳೆಯದನ್ನು ಮಾಡಬೇಕು, ಕೆಟ್ಟದ್ದನ್ನು ಬಿಡಬೇಕು ಎಂಬ ಅರಿವು ಮನುಷ್ಯನ ಬುದ್ಧಿಯಲ್ಲೇ ಇದೆ, ಅದಕ್ಕೆ ಶಾಸನ ಬೇಕಿಲ್ಲ ಎಂಬುದು ಅವರ ಮೊದಲ ಮಾತು. ಪರೀಕ್ಷೆಗೆ ಬೇಕಾದಷ್ಟು ಬರೆದುಕೊಂಡು ಕಿಟಕಿ ಕಡೆ ನೋಡುತ್ತಿದ್ದವನಿಗೆ ಎರಡನೇ ದಿನ ನಿದ್ದೆ ಬಿಟ್ಟಿತು.

ಎಲ್ಲರಿಗೂ ಒಳ್ಳೆಯದೇ ಬೇಕು ಎಂದಾದರೆ ತಪ್ಪು ಆಗುವುದು ಹೇಗೆ? ಅಕ್ವಿನಾಸ್ ಹೇಳುವುದು ಇಷ್ಟು: ಮನುಷ್ಯ ಕೆಟ್ಟದ್ದನ್ನು ಕೆಟ್ಟದ್ದೆಂದು ಆರಿಸುವುದಿಲ್ಲ. ಅದರಲ್ಲಿ ಯಾವುದೋ ಒಂದು ಒಳ್ಳೆಯದು ಕಾಣುತ್ತದೆ, ಆ ಹೆಸರಿನಲ್ಲಿ ಆರಿಸುತ್ತಾನೆ. ನನಗೆ ಥಟ್ಟನೆ ನೆನಪಾದದ್ದು ಮದ್ದು ಎಂಬ ಶಬ್ದ.

ಇನ್ನೊಂದು ಮಾತು: ಸಾಮಾನ್ಯ ನಿಯಮ ಸುಲಭ, ವಿವರಕ್ಕೆ ಇಳಿದ ಹಾಗೆ ಎಡವುವುದು ಹೆಚ್ಚು. ಅವರು ಕೊಡುವ ಉದಾಹರಣೆ ನಂಬಿಕೆಯಿಂದ ಇಟ್ಟುಕೊಳ್ಳಲು ಕೊಟ್ಟ ವಸ್ತುವಿನದ್ದು. ಕೇಳಿದಾಗ ಹಿಂದೆ ಕೊಡಬೇಕು ಎಂಬುದು ಸರಿಯಾದ ನಿಯಮ. ಆದರೆ ಅದನ್ನು ಊರಿನ ಮೇಲೆ ಯುದ್ಧಕ್ಕೆ ಬಳಸಲು ಕೇಳುತ್ತಿದ್ದಾನೆ ಎಂದಾದರೆ? ನಿಯಮ ಸುಳ್ಳಾಗಲಿಲ್ಲ, ಆದರೆ ಅದನ್ನು ಕಣ್ಣುಮುಚ್ಚಿ ಪಾಲಿಸಿದವನು ತಪ್ಪು ಮಾಡಿದ ಹಾಗಾಯಿತು.

ಮತ್ತೆ ಗೊತ್ತಿರಲಿಲ್ಲ ಎಂಬುದರ ಬಗ್ಗೆ. ಮನಸ್ಸಾಕ್ಷಿ ತಪ್ಪು ಹೇಳಿದರೂ ಅದರ ವಿರುದ್ಧ ನಡೆಯುವುದು ತಪ್ಪೇ ಎನ್ನುತ್ತಾರೆ ಅಕ್ವಿನಾಸ್. ಜೊತೆಗೆ, ಅದರ ಹಾಗೆ ನಡೆದ ಮಾತ್ರಕ್ಕೆ ಬಿಡುಗಡೆ ಇಲ್ಲ ಎಂದೂ ಎನ್ನುತ್ತಾರೆ. ತಿಳಿಯಲು ಸಾಧ್ಯವೇ ಇರಲಿಲ್ಲ ಎಂದಾದರೆ ದೋಷವಿಲ್ಲ. ತಿಳಿಯಬಹುದಿತ್ತು, ತಿಳಿಯಬೇಕಿತ್ತು, ಆದರೆ ವಿಚಾರಿಸಲಿಲ್ಲ ಎಂದಾದರೆ ಆ ಅಜ್ಞಾನವೇ ದೋಷ. ಎಲ್ಲದಕ್ಕಿಂತ ಕೆಟ್ಟದ್ದು, ತಿಳಿದರೆ ಬಿಡಬೇಕಾಗುತ್ತದೆ ಎಂದು ಬೇಕಂತಲೇ ತಿಳಿಯದೆ ಇರುವುದು.

ಸಂಶಯ ಇರುವಾಗ ಏನು ಮಾಡಬೇಕು ಎಂಬುದಕ್ಕೆ ಈ ಪರಂಪರೆಯಲ್ಲಿ ಬೇಟೆಗಾರನ ಉದಾಹರಣೆ ಉಂಟು. ನಮ್ಮ ಗುಡ್ಡೆಗಳಲ್ಲಿ ಹಂದಿ ಕಾಯಲು ಕೂತವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಪೊದೆ ಅಲುಗಿತು, ಹಂದಿಯೋ ಮನುಷ್ಯನೋ ಗೊತ್ತಿಲ್ಲ. ಗೊತ್ತಾಗುವವರೆಗೆ ಈಡು ಹೊಡೆಯಬಾರದು. "ಹಂದಿ ಇರಬಹುದು ಅಂದುಕೊಂಡೆ" ಎಂಬ ಸಮಜಾಯಿಷಿ ನಡೆಯುವುದಿಲ್ಲ. ಕಾಸರಗೋಡಿನ ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೇ ಎಂಬ ವಾದ ಇವತ್ತೂ ನಿಂತಿಲ್ಲ. ವಿಜ್ಞಾನದ ಮಟ್ಟಿಗೆ ಅದು ಬೇಕಾದ ವಾದವೇ. ಆದರೆ ಪೊದೆಯ ಹಿಂದೆ ಮಕ್ಕಳಿದ್ದರು ಎಂಬುದು ಗೊತ್ತಿತ್ತು. ಸಂಶಯದ ಲಾಭ ಅಷ್ಟು ವರ್ಷ ಕೋವಿ ಹಿಡಿದವರಿಗೇ ಸಿಕ್ಕಿತು.

ಹಾಗಂತ ಯಾರಿಗೂ ಕಾಣಿಸಿರಲಿಲ್ಲ ಎಂದಲ್ಲ. ಪಡ್ರೆ ಭಾಗದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಒಂದೇ ಪ್ರದೇಶದಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆ ಯಾಕೆ ಎಂದು ಮನೆಮನೆಯ ಲೆಕ್ಕ ಇಟ್ಟರು. ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರೆ. ತನ್ನ ಮನೆಯ ಮೇಲೆ ಹಾರುವ ಹೆಲಿಕಾಪ್ಟರ್ ನಿಲ್ಲಿಸಿ ಎಂದು 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು, ತಡೆಯಾಜ್ಞೆ ತಂದರು. ಇವರಿಗೆ ಸಿಕ್ಕಿದ್ದ ಮಾಹಿತಿ ಬೇರೆಯವರಿಗೆ ಸಿಗದ ಗುಟ್ಟೇನೂ ಆಗಿರಲಿಲ್ಲ. ಎಲ್ಲರ ಕಣ್ಣೆದುರು ಇದ್ದದ್ದನ್ನೇ ಇವರು ವಿಚಾರಿಸಿದರು.

*

2014ರಲ್ಲಿ ತರಬೇತಿಗೆಂದು ಒಂದು ಪತ್ರಿಕೆ ಸೇರಿದ್ದೆ. ಎಂಡೋಸಲ್ಫಾನ್ ಬಗ್ಗೆ ಬರೆಯುತ್ತೇನೆ ಎಂದಾಗ, ಮಾಡು ಎಂದರು. ಗಡಿಯಾಚೆಯ ಒಂದು ಹಳ್ಳಿಗೆ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಬೈಕಿನಲ್ಲಿ ಹೋದೆ.

ಆ ಮನೆಯಲ್ಲಿ ಅಮ್ಮ, ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳಿಗೆ ಹದಿನಾಲ್ಕು ವರ್ಷ, ಆದರೆ ಐದು ವರ್ಷದ ಮಗುವಿನ ಮೈ. ಜಗಲಿಯ ಚಾಪೆಯ ಮೇಲೆ ಮಲಗಿದ್ದಳು. ನಮ್ಮ ದನಿ ಕೇಳಿ ನಕ್ಕಳು. ದೊಡ್ಡವಳು ಮೂಲೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ನಾನು ಕ್ಯಾಮೆರಾ ತೆಗೆದಾಗ ಅವಳು ತಡ್ಪೆ ಎತ್ತಿಕೊಂಡು ಒಳಗೆ ಹೋದಳು.

"ಹೆಸರು, ಫೋಟೋ ಹಾಕ್ಬಹುದಾ ಅಮ್ಮ?" ಎಂದು ಕೇಳಿದೆ.

"ನಿಮಗೆ ಸರಿ ಕಂಡ ಹಾಗೆ ಮಾಡಿ ಮಗಾ. ನಮಗೆ ಎಂತ ಗೊತ್ತು" ಎಂದರು ಅವರು.

ಇದನ್ನು ಒಪ್ಪಿಗೆ ಎಂದು ಬರೆದುಕೊಂಡೆ. ಒಳಗಿನ ಬಾಗಿಲ ಪರದೆ ಅಲುಗುತ್ತಿತ್ತು. ಪೊದೆ ಅಲುಗಿದ ಹಾಗೆ ಎಂದು ಈಗ ಅನಿಸುತ್ತದೆ. ಅವತ್ತು ನನಗೆ ಕಂಡದ್ದು ಒಳ್ಳೆಯ ಬೆಳಕು ಮಾತ್ರ.

ವರದಿ ಅರ್ಧ ಪುಟ ಬಂತು. ಹುಡುಗಿಯ ಹೆಸರು, ಮನೆ ಹೆಸರು, ನಗುವ ಮುಖದ ಫೋಟೋ. ಜೊತೆಗೆ ನಮ್ಮ ಕಡೆಯವರೂ ಇದನ್ನೇ ಬಳಸಿದ್ದರು ಎಂದು ತೋರಿಸಲು ಅಜ್ಜನ ಕತೆ ಸೇರಿಸಿದ್ದೆ, ಆ ಅರ್ಧ ಕ್ಯಾನಿನ ಕತೆ. ಕಾಲೇಜಿನ ನೋಟಿಸ್ ಬೋರ್ಡಿಗೆ ಅದನ್ನು ಅಂಟಿಸಿದರು. ಓದುಗರೊಬ್ಬರು ಆ ಮನೆಗೆ ಗಾಲಿಕುರ್ಚಿ ಕಳಿಸಿದರು. ನನಗೆ ಖುಷಿಯೋ ಖುಷಿ.

ಪತ್ರಿಕೆ ಹಿಡಿದು ಊರಿಗೆ ಹೋದೆ. ಅಜ್ಜ ಕನ್ನಡಕ ಹಾಕಿ ನಿಧಾನ ಓದಿದರು.

"ಇದರಲ್ಲಿ 'ಬಂಟ್ವಾಳ ತಾಲೂಕಿನ ಕೃಷಿಕರೊಬ್ಬರು' ಅಂತ ಉಂಟಲ್ಲ, ಅದು ನಾನಾ?"

"ಹೌದಜ್ಜ."

"ನನ್ನ ಹೆಸರು ಯಾಕೆ ಹಾಕ್ಲಿಲ್ಲ?"

"ಸುಮ್ಮನೆ ಯಾಕೆ ಅಂತ... ಊರಲ್ಲಿ ಮಾತಾಗ್ತದೆ."

ಅವರು ಫೋಟೋದ ಮೇಲೆ ಬೆರಳಿಟ್ಟರು. "ಈ ಮಗುವಿನದ್ದು ಹಾಕಿದ್ದಿಯಲ್ಲ."

ಅಷ್ಟೇ ಹೇಳಿದ್ದು. ಪತ್ರಿಕೆ ಮಡಚಿ ಕೊಟ್ಟರು.

ತಪ್ಪು ಮಾಡಿದವರ ಹೆಸರು ಮುಚ್ಚಿದ್ದೆ, ಏನೂ ಮಾಡದವರ ಹೆಸರು ಬಿಚ್ಚಿದ್ದೆ. ಹೆಸರು ಬಂದರೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ನಮ್ಮ ಮನೆಯ ಹೆಸರು ತಪ್ಪಿಸಿದ್ದೆ. ನಮ್ಮ ಬಾವಿಗೆ ಮಡಲು ಮುಚ್ಚಿ ಮದ್ದು ಬಿಟ್ಟವನು ನಾನು.

ಎರಡು ತಿಂಗಳ ನಂತರ ಆಶಾ ಕಾರ್ಯಕರ್ತೆ ಫೋನ್ ಮಾಡಿದರು. ದೊಡ್ಡವಳಿಗೆ ಒಂದು ಸಂಬಂಧ ಮಾತಾಗಿತ್ತಂತೆ. ಗಂಡಿನ ಕಡೆಯವರಿಗೆ ತಂಗಿಯ ವಿಷಯ ಮೆಲ್ಲನೆ ತಿಳಿಸಬೇಕೆಂದಿದ್ದರಂತೆ. ಅಷ್ಟರಲ್ಲಿ ಯಾರೋ ಪತ್ರಿಕೆ ತೋರಿಸಿದರು. "ಮುಂದೆ ಇವಳ ಮಕ್ಕಳೂ ಹಾಗೇ ಹುಟ್ಟಿದ್ರೆ?" ಎಂದು ಕೇಳಿ ಅವರು ಹಿಂದೆ ಸರಿದರು. ಆ ಊರುಗಳ ಹೆಣ್ಣು ಬೇಡ, ಗಂಡು ಬೇಡ ಎಂಬ ಮಾತು ನಮ್ಮ ಕಡೆ ಮೊದಲಿಂದಲೂ ಇದ್ದದ್ದೇ. ನಾನೂ ಕೇಳಿಯೇ ಬೆಳೆದವನು. ಆದ್ದರಿಂದ "ಹೀಗಾಗುತ್ತದೆ ಅಂತ ಗೊತ್ತಿರಲಿಲ್ಲ" ಎಂದು ಹೇಳಲು ನನಗೆ ದಾರಿ ಇರಲಿಲ್ಲ.

*

ನನ್ನ ಪರ ಹೇಳಬಹುದಾದ ಮಾತುಗಳೂ ಇವೆ. ಅವನ್ನು ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಉದ್ದೇಶ ಒಳ್ಳೆಯದಿತ್ತು. ಸರಿ. ಆದರೆ ಅಕ್ವಿನಾಸರ ತೂಕದಲ್ಲಿ ಉದ್ದೇಶ ಒಂದೇ ಸಾಲದು. ಮಾಡಿದ ಕೆಲಸ ಎಂಥದ್ದು, ಯಾವ ಸಂದರ್ಭದಲ್ಲಿ ಮಾಡಿದ್ದು ಎಂಬುದೂ ಸರಿಯಿರಬೇಕು. ಮೂರರಲ್ಲಿ ಒಂದು ಕೆಟ್ಟರೂ ಕೆಲಸ ಕೆಟ್ಟಿತು. ಮತ್ತೆ, ಉದ್ದೇಶ ಎಂದಾಗ ಹೆಸರಿನ ಆಸೆಯನ್ನು ನಾನು ಲೆಕ್ಕದಿಂದ ಬಿಟ್ಟಿದ್ದೆ. ವರದಿಯ ಮೇಲೆ ನನ್ನ ಹೆಸರು ದಪ್ಪ ಅಕ್ಷರದಲ್ಲಿತ್ತು.

ಗಾಲಿಕುರ್ಚಿ ಬಂತಲ್ಲ? ಬಂತು. ಅಜ್ಜನಿಗೂ ಆ ನಾಲ್ಕನೇ ವರ್ಷ ಬೀಜ ಚೆನ್ನಾಗಿ ಬಂದಿತ್ತು.

ಬರೆದದ್ದೆಲ್ಲ ಸತ್ಯವಲ್ಲವಾ? ಈ ಪ್ರಶ್ನೆಗೆ ಉತ್ತರ ಅಕ್ವಿನಾಸರಲ್ಲೇ ಸಿಕ್ಕಿತು. ಇನ್ನೊಬ್ಬರಿಂದ ತೆಗೆದುಕೊಂಡದ್ದನ್ನು ಹಿಂದೆ ಕೊಡಬೇಕು ಎಂಬ ಚರ್ಚೆಯಲ್ಲಿ ಅವರು ಹಣ, ವಸ್ತುವಿನ ಜೊತೆ ಹೆಸರನ್ನೂ ಸೇರಿಸುತ್ತಾರೆ. ನಿಜವನ್ನೇ ಹೇಳಿಯೂ ಕ್ರಮ ತಪ್ಪಿ ಹೇಳಿದ್ದರಿಂದ ಒಬ್ಬರ ಹೆಸರಿಗೆ ಕುಂದು ತರಬಹುದು, ಆಗ ಸಾಧ್ಯವಾದಷ್ಟು ಸರಿಪಡಿಸಬೇಕು, ಆದರೆ ಸುಳ್ಳು ಹೇಳದೆ ಸರಿಪಡಿಸಬೇಕು ಎನ್ನುತ್ತಾರೆ. ಅವರು ಹೇಳುವುದು ಇನ್ನೊಬ್ಬರ ಪಾಪವನ್ನು ಬಯಲು ಮಾಡುವ ಬಗ್ಗೆ. ಆ ಮನೆಯವರು ಮಾಡಿದ ಪಾಪವಂತೂ ಏನೂ ಇರಲಿಲ್ಲ.

ಕೊನೆಯ ಮಾತು ಮಾತ್ರ ನನ್ನನ್ನು ಈಗಲೂ ಬಿಡುವುದಿಲ್ಲ. ಕಾಸರಗೋಡಿನ ಮಕ್ಕಳ ಮುಖಗಳನ್ನು ಜಗತ್ತು ನೋಡದೆ ಇದ್ದಿದ್ದರೆ ಈ ನಿಷೇಧ ಬರುತ್ತಿತ್ತಾ? 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದ್ದು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿದ್ದು, ಇದರ ಹಿಂದೆ ತಮ್ಮ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದ ತಾಯಂದಿರಿದ್ದಾರೆ. ಹೆಸರು ಹಾಕಲೇಬಾರದು ಎಂಬ ನಿಯಮ ಮಾಡಿಕೊಂಡು ನಾನು ಸುಮ್ಮನಿದ್ದರೆ ಅದು ಇನ್ನೊಂದು ಬಗೆಯ ತಪ್ಪು. ಆ ತಾಯಂದಿರು ತಾವೇ ನಿರ್ಧಾರ ಮಾಡಿ ಬಂದವರು. ನನ್ನ ವರದಿಯಲ್ಲಿ ನಿರ್ಧಾರ ಮಾಡಿದ್ದು ನಾನು.

*

ನಿಷೇಧದ ಸುದ್ದಿ ಬಂದ ವಾರದಲ್ಲೇ ಅಜ್ಜ ಕೋಲು ಹಿಡಿದು ಕೆಳಗಿನ ಮನೆಗೆ ಇಳಿದು ಹೋಗಿದ್ದರು. ಅರ್ಧ ಗಂಟೆ ಬಿಟ್ಟು ಬಂದು, "ಹೇಳಿ ಬಂದೆ" ಎಂದಿದ್ದರು. ಅವರು ಏನು ಹೇಳಿದರು ಎಂದು ಕೇಳಿದ್ದಕ್ಕೆ, "ಅದು ಅವರ ಮತ್ತೆ ನನ್ನ ವಿಷಯ" ಎಂದಿದ್ದರು. ಆಗ ಅದೆಲ್ಲ ಮುದುಕರ ಹಠ ಅನಿಸಿತ್ತು. ಅವರು ತೀರಿಹೋದ ವರ್ಷ, ಬೊಜ್ಜ ಮುಗಿದ ಮೇಲೆ ನಾನೂ ಬೈಕು ತೆಗೆದೆ.

ಗಾಲಿಕುರ್ಚಿ ಜಗಲಿಯ ಮೂಲೆಯಲ್ಲಿತ್ತು, ಮೇಲೆ ಬಟ್ಟೆ ಒಣಗುತ್ತಿತ್ತು. ಆ ಅಂಗಳದ ಏರುತಗ್ಗಿನಲ್ಲಿ ಅದು ಚಲಿಸುವುದಿಲ್ಲವಂತೆ. ಚಿಕ್ಕವಳು ನಕ್ಕಳು. ಅಮ್ಮ ಚಾ ಮಾಡಲು ಒಳಗೆ ಹೋದರು. ದೊಡ್ಡವಳು ಈ ಸಲ ಎದ್ದು ಹೋಗಲಿಲ್ಲ. ಬೀಡಿ ಕಟ್ಟುತ್ತಲೇ ಇದ್ದಳು.

ನಾನು ಹೇಳಬೇಕಾದದ್ದನ್ನು ಹೇಳಿದೆ. ಅಜ್ಜನ ಹೆಸರು ಮುಚ್ಚಿದ್ದನ್ನೂ ಹೇಳಿದೆ. ಪತ್ರಿಕೆಯ ಆನ್‌ಲೈನ್ ಪುಟದಿಂದ ಹೆಸರು, ಫೋಟೋ ತೆಗೆಸಿದ್ದೇನೆ, ಆದರೆ ಅಚ್ಚಾದದ್ದನ್ನು ಏನೂ ಮಾಡಲಾಗದು ಎಂದೆ.

ಅವಳು ನೂಲು ಸುತ್ತಿ ಬೀಡಿಯ ಬಾಯಿ ಮಡಚಿದಳು. "ನೀವು ಬರೆದದ್ರಲ್ಲಿ ಸುಳ್ಳು ಇರ್ಲಿಲ್ಲ ಅಣ್ಣ. ನಾನು ಎರಡು ಸಲ ಓದಿದ್ದೇನೆ."

ಸ್ವಲ್ಪ ಹೊತ್ತು ಬಿಟ್ಟು, "ಅವತ್ತು ಒಳಗೆ ಬಂದು ನನ್ನತ್ರ ಒಂದು ಮಾತು ಕೇಳ್ಬಹುದಿತ್ತು" ಎಂದಳು.

"ಕೇಳಿದ್ರೆ ಬೇಡ ಅಂತಿದ್ರಾ?"

"ಗೊತ್ತಿಲ್ಲ. ಕೇಳ್ಲಿಲ್ಲಲ್ಲ."

ಈಗ ನಾನು ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಆ ಮನೆಗೇ ಹೋಗಿ ಓದಿ ಹೇಳುತ್ತೇನೆ. ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟೂ ಜನರನ್ನು ಕೇಳುತ್ತೇನೆ, ಎದ್ದು ಒಳಗೆ ಹೋದವರನ್ನು ಮೊದಲು. ಒಂದು ದಿನ ಬಿಟ್ಟು ಮತ್ತೆ ಫೋನ್ ಮಾಡುತ್ತೇನೆ. ಇದರಿಂದ ಕೆಲವು ವರದಿ ತಡವಾಗಿವೆ, ಎರಡು ಬಂದೇ ಇಲ್ಲ, ಡೆಸ್ಕಿನವರಿಂದ ಬೈಗುಳವೂ ಸಿಕ್ಕಿದೆ. ಕೆಲವರು ಮಾತ್ರ, "ಹೆಸರು ಹಾಕಿ, ದೊಡ್ಡದಾಗಿ ಹಾಕಿ" ಎಂದಿದ್ದಾರೆ. ಅವರದ್ದನ್ನು ದೊಡ್ಡದಾಗಿಯೇ ಹಾಕಿದ್ದೇನೆ.

ಈ ಬರಹದಲ್ಲಿ ಆ ಹಳ್ಳಿಯ ಹೆಸರಿಲ್ಲ, ಆ ಅಕ್ಕತಂಗಿಯರ ಹೆಸರೂ ಇಲ್ಲ. ಬರೆಯುವ ಮೊದಲು ಹೋಗಿ ಓದಿ ಹೇಳಿದೆ. ಬೀಡಿ ಕಟ್ಟುತ್ತಿದ್ದವಳು ಪೂರ್ತಿ ಕೇಳಿ ಒಂದೇ ಒಂದು ತಿದ್ದುಪಡಿ ಹೇಳಿದಳು. ಗಾಲಿಕುರ್ಚಿಯ ಮೇಲೆ ಅವತ್ತು ಬಟ್ಟೆ ಒಣಗುತ್ತಿರಲಿಲ್ಲವಂತೆ, ಒಣಗಿದ ಬಟ್ಟೆ ಮಡಚಿ ಇಟ್ಟದ್ದಂತೆ. ಮೇಲೆ ಅದನ್ನು ಹಾಗೆಯೇ ಬಿಟ್ಟು ಇಲ್ಲಿ ತಿದ್ದಿದ್ದೇನೆ. ನೋಡಿದ್ದೇನೆ ಎಂದು ನಾನು ಅಂದುಕೊಂಡದ್ದು ಹೇಗಿರುತ್ತದೆ ಎಂಬುದು ನನಗೆ ನೆನಪಿರಲಿ ಎಂದು.